ಸುಂಕದವನ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ಗಾಡಿ ಹೊಡೆದುಕೊಂಡು ಬಂದ ರೈತ ಮಳೆಯಾಗಿಲ್ಲ ಎನ್ನಲಿ, ಮಗಳ ಮದುವೆ ಮುಂದಿದೆ ಎನ್ನಲಿ, ಕಟ್ಟೆಯ ಮೇಲೆ ಕೂತ ಸುಂಕದವನು ಕೇಳುವುದು ಒಂದೇ: ಮೂಟೆ ಎಷ್ಟು, ದುಡ್ಡೆಲ್ಲಿ? ನೂರಾರು ವರ್ಷ ಈ ಗಾದೆ ಸರಿಯಾಗಿಯೇ ಇತ್ತು. ನಮ್ಮ ಕಾಲಕ್ಕೆ ಅದು ತಿರುಗಿ ಬಿದ್ದಿದೆ. ಈಗ ಸುಂಕದವನೇ ದೊಡ್ಡ ವ್ಯಾಪಾರಿಯ ಮುಂದೆ ಕೈಕಟ್ಟಿ ನಿಂತು ತನ್ನ ಸುಖದುಃಖ ಹೇಳಿಕೊಳ್ಳುತ್ತಿದ್ದಾನೆ. ಸ್ವಾಮಿ, ನನ್ನ ಕಟ್ಟೆಯ ಮೇಲೇ ಹಾದುಹೋಗಿ, ಅರ್ಧ ಸುಂಕ ಕೊಟ್ಟರೆ ಸಾಕು, ಅದೂ ಹೆಚ್ಚಾಯಿತೆಂದರೆ ಹತ್ತು ವರ್ಷ ಏನೂ ಕೊಡಬೇಡಿ, ಬರುವುದನ್ನು ಮಾತ್ರ ತಪ್ಪಿಸಬೇಡಿ ಎನ್ನುತ್ತಿದ್ದಾನೆ. ಇದಕ್ಕೆ ಅರ್ಥಶಾಸ್ತ್ರದ ಪುಸ್ತಕಗಳು ಕೊಟ್ಟಿರುವ ಮರ್ಯಾದಸ್ಥ ಹೆಸರು ‘ತೆರಿಗೆ ಪೈಪೋಟಿ’.

ಪೈಪೋಟಿ ಎಂಬ ಮಾತು ಕೇಳಿದ ಕೂಡಲೇ ನಮ್ಮಂಥವರ ಕಿವಿ ನೆಟ್ಟಗಾಗುತ್ತದೆ. ಸಿಇಟಿ ರ್‍ಯಾಂಕಿನಿಂದ ಹಿಡಿದು ಮೊನ್ನೆಯ ಅಪ್ರೈಸಲ್‌ವರೆಗೆ ಪೈಪೋಟಿಯನ್ನೇ ಉಂಡು ಬೆಳೆದವರು ನಾವು. ಆದ್ದರಿಂದ ದೇಶಗಳೂ ಪೈಪೋಟಿ ನಡೆಸಲಿ, ತೆರಿಗೆ ಇಳಿಯಲಿ, ಯಾರಿಗೆ ನಷ್ಟ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ನನ್ನ ತಕರಾರು ಇರುವುದು ಇಲ್ಲಿಯೇ. ಇದು ಪೈಪೋಟಿಯೇ ಅಲ್ಲ. ಇದು ಓಡಿಹೋಗಬಲ್ಲವರಿಗೆ ವಿನಾಯಿತಿ ಕೊಟ್ಟು, ಓಡಲಾರದವರಿಂದ ವಸೂಲು ಮಾಡುವ ಏರ್ಪಾಡು. ಓದುಗರೇ, ಊರು ಬಿಟ್ಟು ಬಂದಿದ್ದೇವೆಂದು ನಾವು ಓಡಬಲ್ಲವರ ಸಾಲಿನಲ್ಲಿದ್ದೇವೆ ಅಂದುಕೊಳ್ಳಬೇಡಿ. ಆ ಸಾಲು ಬೇರೆಯೇ ಇದೆ.

ಮೊದಲು ಈ ಆಟ ಹೇಗೆ ಶುರುವಾಯಿತೆಂದು ನೋಡೋಣ. ಬ್ರಿಟನ್ನಿನಲ್ಲಿ ಥ್ಯಾಚರ್ ಸರ್ಕಾರ 1984ರ ಬಜೆಟ್ಟಿನಲ್ಲಿ ಕಂಪನಿಗಳ ಮೇಲಿನ ತೆರಿಗೆಯನ್ನು ಶೇಕಡಾ 52ರಿಂದ ಹಂತಹಂತವಾಗಿ 35ಕ್ಕೆ ಇಳಿಸುವುದಾಗಿ ಹೇಳಿತು. 1986ರಲ್ಲಿ ಅಮೆರಿಕದ ರೇಗನ್ ಸರ್ಕಾರ 46ರಿಂದ 34ಕ್ಕೆ ಇಳಿಸುವ ಕಾನೂನು ಮಾಡಿತು. ಐರ್ಲೆಂಡ್ 2003ರಿಂದ 12.5ಕ್ಕೆ ಬಂದು ಕೂತಿತು. 2017ರಲ್ಲಿ ಟ್ರಂಪ್ ಸರ್ಕಾರ 35ರಿಂದ ಒಂದೇ ಏಟಿಗೆ 21ಕ್ಕೆ ಇಳಿಸಿತು. ಒಬ್ಬ ಇಳಿಸಿದನೆಂದು ಇನ್ನೊಬ್ಬ, ಅವನು ಇಳಿಸಿದನೆಂದು ಮತ್ತೊಬ್ಬ. ಜಾತ್ರೆಯಲ್ಲಿ ಎದುರಂಗಡಿಯವನು ದರ ಇಳಿಸಿದಾಗ ನಾವೂ ಇಳಿಸುವ ಹಾಗೆ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಮಾರಾಟಕ್ಕಿಟ್ಟ ಸರಕು ಅಂಗಡಿಯವನದಲ್ಲ. ಅದು ಊರಿನವರ ಆಸ್ಪತ್ರೆ, ಊರಿನವರ ಶಾಲೆ, ಊರಿನವರ ರಸ್ತೆ.

ನಮ್ಮ ಸರದಿ ಬಂದದ್ದು 2019ರ ಸೆಪ್ಟೆಂಬರ್ 20ರಂದು. ಅಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಗೋವಾದಲ್ಲಿ ಪತ್ರಕರ್ತರನ್ನು ಕರೆದು, ದೇಶೀಯ ಕಂಪನಿಗಳು ಬೇರೆ ವಿನಾಯಿತಿಗಳನ್ನು ಬಿಟ್ಟುಕೊಟ್ಟರೆ ಶೇಕಡಾ 22ರ ದರದಲ್ಲಿ ತೆರಿಗೆ ಕಟ್ಟಬಹುದು, ಹೊಸದಾಗಿ ಕಾರ್ಖಾನೆ ತೆರೆಯುವ ಕಂಪನಿಗಳಿಗೆ 15 ಸಾಕು ಎಂದರು. ಸರ್‌ಚಾರ್ಜ್, ಸೆಸ್ ಸೇರಿಸಿದರೆ ಕ್ರಮವಾಗಿ ಸುಮಾರು 25.17 ಮತ್ತು 17.16. ಸಂಸತ್ತಿನಲ್ಲಿ ಚರ್ಚೆಯಾಗುವ ಮೊದಲೇ ಸುಗ್ರೀವಾಜ್ಞೆ ಹೊರಟಿತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಬಿಟ್ಟುಕೊಟ್ಟಂತಾಗುತ್ತದೆ ಎಂಬುದು ಸರ್ಕಾರವೇ ಕೊಟ್ಟ ಅಂದಾಜು. ಬಂಡವಾಳವನ್ನು ಸೆಳೆಯಬೇಕು, ನೆರೆಹೊರೆಯ ದೇಶಗಳ ದರಕ್ಕೆ ನಾವೂ ಸಮನಾಗಬೇಕು ಎಂಬುದು ಕಾರಣ. ರೈತನ ಸಾಲಮನ್ನಾ ಆದರೆ ‘ಪುಕ್ಕಟೆ ಭಾಗ್ಯ’ ಎಂದು ವಾರಗಟ್ಟಲೆ ಕೂಗಾಡುವ ಟಿವಿ ಚಾನೆಲ್ಲುಗಳು ಅಂದು ಷೇರುಪೇಟೆಯ ಜಿಗಿತವನ್ನು ದೀಪಾವಳಿಯಂತೆ ತೋರಿಸಿದವು.

ಫಲಿತಾಂಶ ಏನಾಯಿತು? 2018-19ರಲ್ಲಿ ಕಂಪನಿಗಳ ಆದಾಯ ತೆರಿಗೆಯಿಂದ ಬೊಕ್ಕಸಕ್ಕೆ ಬಂದದ್ದು ಸುಮಾರು 6.6 ಲಕ್ಷ ಕೋಟಿ. ಮರುವರ್ಷ ಅದು 5.6 ಲಕ್ಷ ಕೋಟಿಗೆ ಕುಸಿಯಿತು. ಆಮೇಲೆ ಕೊರೊನಾ ಬಂತು, ಆಮೇಲೆ ಚೇತರಿಕೆಯೂ ಆಯಿತು, 2023-24ರಲ್ಲಿ 9.1 ಲಕ್ಷ ಕೋಟಿ ದಾಟಿತು. ಇದನ್ನು ಮುಚ್ಚಿಟ್ಟು ವಾದ ಮಾಡುವುದು ನನಗೆ ಬೇಕಿಲ್ಲ. ಆದರೆ ಅದೇ 2023-24ರಲ್ಲಿ ನನ್ನಂಥ, ನಿಮ್ಮಂಥ ವ್ಯಕ್ತಿಗಳು ಕಟ್ಟಿದ ಆದಾಯ ತೆರಿಗೆ 10.4 ಲಕ್ಷ ಕೋಟಿ. 2018-19ರಲ್ಲಿ ಕಂಪನಿಗಳು ಕಟ್ಟುತ್ತಿದ್ದದ್ದು ನಮಗಿಂತ ಹೆಚ್ಚು, ಐದು ವರ್ಷ ಕಳೆಯುವುದರೊಳಗೆ ತಕ್ಕಡಿ ನಮ್ಮ ಕಡೆ ವಾಲಿತು. 2025ರ ಬಜೆಟ್ಟಿನಲ್ಲಿ ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲವೆಂದು ನಮಗೂ ಒಂದು ತುತ್ತು ಹಾಕಿದರು, ನಿಜ. ಆದರೆ ಒಂದು ದೇಶದಲ್ಲಿ ವ್ಯಕ್ತಿಗಳು ಎಲ್ಲ ಕಂಪನಿಗಳನ್ನೂ ಒಟ್ಟು ಸೇರಿಸಿದ್ದಕ್ಕಿಂತ ಹೆಚ್ಚು ಕಟ್ಟುವ ಸ್ಥಿತಿ ಬಂದದ್ದು ಹೇಗೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಸಂಬಳವೂ ಇಲ್ಲದವನು ಸೋಪು, ಬಿಸ್ಕತ್ತು, ಚಪ್ಪಲಿಯ ಮೇಲೆ ಕಟ್ಟುವ ಜಿಎಸ್‌ಟಿ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಇದಕ್ಕೇ.

ಇನ್ನು ಪೈಪೋಟಿಯ ಮಾತಿಗೆ ಬರೋಣ. ನಿಜವಾದ ತೆರಿಗೆ ಪೈಪೋಟಿ ಹೇಗಿರುತ್ತದೆಂದು ನೋಡಬೇಕೆಂದರೆ ಪುಣೆಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ ನಿಪ್ಪಾಣಿಯ ಹತ್ತಿರ ಒಮ್ಮೆ ಗಾಡಿ ನಿಧಾನ ಮಾಡಿ. ಗಡಿಯ ಆಚೆಗಿಂತ ಈಚೆ ಡೀಸೆಲ್ ಅಗ್ಗವಿದ್ದಾಗ, ‘ಕರ್ನಾಟಕದ ದರ’ ಎಂದು ಮರಾಠಿಯಲ್ಲಿ ಬೋರ್ಡು ಬರೆಸಿಕೊಂಡ ಪಂಪುಗಳಲ್ಲಿ ಮಹಾರಾಷ್ಟ್ರದ ಲಾರಿಗಳು ಸಾಲುಗಟ್ಟಿರುತ್ತವೆ. ಇದು ಪೈಪೋಟಿ. ಯಾಕೆಂದರೆ ಲಾರಿ ನಿಜವಾಗಿ ಬರಬೇಕು, ಟ್ಯಾಂಕು ನಿಜವಾಗಿ ತುಂಬಬೇಕು. ಡ್ರೈವರು ಅಲ್ಲಿಯೇ ಒಂದು ಚಹಾ ಕುಡಿಯುತ್ತಾನೆ, ಟೈರಿಗೆ ಗಾಳಿ ಹಾಕಿಸುತ್ತಾನೆ. ಸುಂಕ ಇಳಿಸಿದ ಕಡೆ ನಾಲ್ಕು ಜನರಿಗೆ ಕೆಲಸ ಹುಟ್ಟುತ್ತದೆ.

ಈಗ ಬೆಂಗಳೂರಿಗೆ ಬನ್ನಿ. ಅಲ್ಲಿನ ದೊಡ್ಡ ರಸ್ತೆಗಳಲ್ಲಿ ಓಡಾಡುವ ಕೋಟಿ ಬೆಲೆಯ ಕಾರುಗಳ ನಂಬರು ನೋಡಿ. ಎಷ್ಟೋ ಕಾರುಗಳ ಮೇಲೆ ಪಿವೈ ಎಂದಿರುತ್ತದೆ, ಅಂದರೆ ಪುದುಚೇರಿ. ಅಲ್ಲಿ ವಾಹನ ತೆರಿಗೆ ಕಡಿಮೆ, ಕರ್ನಾಟಕದಲ್ಲಿ ದೇಶದಲ್ಲೇ ಹೆಚ್ಚಿನ ದರಗಳಲ್ಲೊಂದು. ಕಾರು ಓಡುವುದು ಬೆಂಗಳೂರಿನ ಡಾಂಬರಿನ ಮೇಲೆ, ಗುಂಡಿ ಬೀಳಿಸುವುದು ಬೆಂಗಳೂರಿನಲ್ಲಿ, ಮಾಲೀಕ ಮಲಗುವುದು ಬೆಂಗಳೂರಿನಲ್ಲಿ. ಕಾಗದ ಮಾತ್ರ ಪುದುಚೇರಿಯ ಒಂದು ಬಾಡಿಗೆ ವಿಳಾಸದಲ್ಲಿ. ಇದನ್ನು ಪೈಪೋಟಿ ಅನ್ನಬೇಕೆ? ಪುದುಚೇರಿ ಇಲ್ಲಿ ಏನನ್ನು ಮಾರಿತು? ರಸ್ತೆಯನ್ನಲ್ಲ, ವಿಳಾಸವನ್ನು.

ನಾನು ಐದು ವರ್ಷದ ಹಿಂದೆ ಹಾವೇರಿ ಕಡೆಯಿಂದ ತಂದ ನನ್ನ ಹಳೆಯ ಸಣ್ಣ ಕಾರಿನ ಕಥೆಯನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ. ಕೆಎ ನಂಬರೆಂದು ದಾರಿಯಲ್ಲಿ ಹಿಡಿದರು, ಎನ್‌ಒಸಿ ತಂದೆ, ಇಲ್ಲಿ ಮತ್ತೊಮ್ಮೆ ತೆರಿಗೆ ಕಟ್ಟಿದೆ, ಅಲ್ಲಿ ಕಟ್ಟಿದ್ದರಲ್ಲಿ ವಾಪಸು ಬರಬೇಕಾದ ಹಣಕ್ಕೆ ಹಾಕಿದ ಅರ್ಜಿ ಒಂದು ಕಚೇರಿಯ ಯಾವುದೋ ಕಡತದಲ್ಲಿ ಇನ್ನೂ ನಿದ್ದೆ ಮಾಡುತ್ತಿದೆ. ಮುಂಬೈ, ಹೈದರಾಬಾದ್, ಚೆನ್ನೈಯಲ್ಲಿರುವ ನಿಮ್ಮಲ್ಲಿ ಅರ್ಧದಷ್ಟು ಜನರಿಗೆ ಈ ಅನುಭವ ಇದ್ದೇ ಇರುತ್ತದೆ. ನಿಜವಾಗಿ ಊರು ಬದಲಿಸಿದವನಿಗೆ ಎರಡು ಸಲ ತೆರಿಗೆ, ಬದಲಿಸಿದಂತೆ ನಟಿಸಿದವನಿಗೆ ಒಂದೂ ಇಲ್ಲ. ಜಗತ್ತಿನ ತೆರಿಗೆ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಪುದುಚೇರಿಯ ಆಟವನ್ನೇ ದೊಡ್ಡದು ಮಾಡಿದರೆ ಮಾರಿಷಸ್ ಸಿಗುತ್ತದೆ. ಭಾರತ ಮತ್ತು ಮಾರಿಷಸ್ ನಡುವೆ 1982ರಲ್ಲಿ ಒಂದು ತೆರಿಗೆ ಒಪ್ಪಂದವಾಯಿತು. ಒಂದೇ ಆದಾಯಕ್ಕೆ ಎರಡು ದೇಶಗಳಲ್ಲಿ ತೆರಿಗೆ ಬೀಳಬಾರದು ಎಂಬ ಸದುದ್ದೇಶ. ಅದರ ಪ್ರಕಾರ ಮಾರಿಷಸ್ಸಿನ ಕಂಪನಿ ಭಾರತದಲ್ಲಿ ಷೇರು ಮಾರಿ ಲಾಭ ಮಾಡಿದರೆ ಆ ಲಾಭದ ಮೇಲೆ ತೆರಿಗೆ ಹಾಕುವ ಹಕ್ಕು ಮಾರಿಷಸ್ಸಿನದು. ಮಾರಿಷಸ್ಸಿನಲ್ಲಿ ಅಂಥ ಲಾಭಕ್ಕೆ ತೆರಿಗೆಯೇ ಇಲ್ಲ. ಎರಡು ಕಡೆ ತೆರಿಗೆ ತಪ್ಪಿಸಲು ಹುಟ್ಟಿದ ಒಪ್ಪಂದ ಹೀಗೆ ಎರಡೂ ಕಡೆ ತೆರಿಗೆ ತಪ್ಪಿಸುವ ಒಪ್ಪಂದವಾಯಿತು. 1991ರಲ್ಲಿ ನಮ್ಮ ಮಾರುಕಟ್ಟೆ ತೆರೆದ ಮೇಲೆ ಜಗತ್ತಿನ ಹಣವೆಲ್ಲ ಪೋರ್ಟ್ ಲೂಯಿಯಲ್ಲಿ ಒಂದು ಅಂಚೆಪೆಟ್ಟಿಗೆ ತೆರೆದು ಭಾರತಕ್ಕೆ ಬರತೊಡಗಿತು. ಹದಿಮೂರು ಲಕ್ಷ ಜನರೂ ಇಲ್ಲದ ಒಂದು ದ್ವೀಪ ವರ್ಷಗಟ್ಟಲೆ ಭಾರತಕ್ಕೆ ಬಂದ ವಿದೇಶಿ ನೇರ ಹೂಡಿಕೆಯ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ನಮ್ಮ ದೇಶದವರದೇ ಹಣ ಆಚೆ ಹೋಗಿ ಹೊಸ ಅಂಗಿ ತೊಟ್ಟು ‘ವಿದೇಶಿ’ಯಾಗಿ ಮರಳುತ್ತಿತ್ತು ಎಂಬ ಆರೋಪವೂ ಅಷ್ಟೇ ಹಳೆಯದು.

ತೆರಿಗೆ ಅಧಿಕಾರಿಗಳು ಸುಮ್ಮನಿರಲಿಲ್ಲ. ಇವು ಹೆಸರಿಗೆ ಮಾತ್ರ ಇರುವ ಕಂಪನಿಗಳು ಎಂದು ನೋಟಿಸು ಕೊಟ್ಟರು. ಆಗ 2000ದ ಏಪ್ರಿಲ್‌ನಲ್ಲಿ ದೆಹಲಿಯಿಂದ ಒಂದು ಸುತ್ತೋಲೆ ಬಂತು. ಮಾರಿಷಸ್ ಸರ್ಕಾರ ಕೊಟ್ಟ ನಿವಾಸಿ ಪ್ರಮಾಣಪತ್ರ ಇದ್ದರೆ ಸಾಕು, ಮುಂದೆ ಕೆದಕಬೇಡಿ ಎಂದು. ವಿಷಯ ಕೋರ್ಟಿಗೆ ಹೋಯಿತು. 2003ರಲ್ಲಿ ಸುಪ್ರೀಂ ಕೋರ್ಟ್, ಆಜಾದಿ ಬಚಾವೋ ಆಂದೋಲನದ ಮೊಕದ್ದಮೆಯಲ್ಲಿ, ಆ ಸುತ್ತೋಲೆ ಸರಿ ಎಂದಿತು. ಬಂಡವಾಳ ಬೇಕಾಗಿರುವ ಬಡ ದೇಶಗಳು ಇಂಥದ್ದನ್ನು ಸಹಿಸಿಕೊಳ್ಳಬೇಕಾಗಬಹುದು ಎಂಬ ಧಾಟಿಯ ಮಾತೂ ಆ ತೀರ್ಪಿನಲ್ಲಿದೆ. ಒಪ್ಪಂದ ತಿದ್ದುಪಡಿಯಾದದ್ದು 2016ರಲ್ಲಿ, ಜಾರಿಯಾದದ್ದು 2017ರ ಏಪ್ರಿಲ್‌ನಿಂದ. ಅದೂ ಆಗಲೇ ಕೊಂಡಿದ್ದ ಷೇರುಗಳನ್ನು ಮುಟ್ಟದೆ. ಲೆಕ್ಕ ಹಾಕಿ, ಮೂವತ್ತನಾಲ್ಕು ವರ್ಷ. ಒಂದು ತೂತು ಮುಚ್ಚಲು ನಮಗೆ ಒಂದು ತಲೆಮಾರು ಬೇಕಾಯಿತು. ಅಷ್ಟರಲ್ಲಿ ಹಣ ಸಿಂಗಪುರದ ದಾರಿ ಕಲಿತಿತ್ತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರಿಗೆ ದಾರಿಗಳು ತುಂಬ.

ಪೋರ್ಟ್ ಲೂಯಿಯ ಹೆಸರು ಬಂದಾಗಲೆಲ್ಲ ನನಗೆ ಇನ್ನೊಂದು ಸಂಗತಿ ಚುಚ್ಚುತ್ತದೆ. ಅದೇ ಬಂದರಿನಲ್ಲಿ ‘ಆಪ್ರವಾಸಿ ಘಾಟ್’ ಎಂಬ ಜಾಗವಿದೆ, 2006ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1834ರಿಂದ 1920ರವರೆಗೆ ಭಾರತದಿಂದ ಕರಾರಿನ ಮೇಲೆ ಒಯ್ದ ಸುಮಾರು ಐದು ಲಕ್ಷ ಕೂಲಿಗಳು ಆ ದ್ವೀಪಕ್ಕೆ ಬಂದಿಳಿದರು. ಅವರು ಹತ್ತಿದ ಕಲ್ಲಿನ ಮೆಟ್ಟಿಲುಗಳು ಇನ್ನೂ ಅಲ್ಲಿವೆ. ಬಿಹಾರದವರು, ತಮಿಳರು, ತೆಲುಗರು, ಮರಾಠರು. ಹಡಗಿನಲ್ಲಿ ಸತ್ತವರು ಎಷ್ಟೋ, ಕಬ್ಬಿನ ಗದ್ದೆಯಲ್ಲಿ ಸವೆದವರು ಎಷ್ಟೋ. ಮನುಷ್ಯ ವಲಸೆ ಹೋದಾಗ ಮೈಯನ್ನೇ ಹೊತ್ತು ಹೋಗಬೇಕು. ಅದೇ ಊರಿಗೆ ಬಂಡವಾಳ ವಲಸೆ ಹೋದಾಗ ಒಂದು ಸಹಿ ಸಾಕು. ಕೂಲಿಗೆ ಆ ಊರಿನಲ್ಲಿ ಸಿಕ್ಕದ್ದು ಕರಾರು, ಹಣಕ್ಕೆ ಸಿಕ್ಕದ್ದು ಕರವಿನಾಯಿತಿ.

‘ನೀವೂ ಹೆಚ್ಚಿನ ಸಂಬಳಕ್ಕಾಗಿ ಊರು ಬಿಟ್ಟಿರಲ್ಲ, ಕಂಪನಿ ಕಡಿಮೆ ತೆರಿಗೆಗಾಗಿ ದೇಶ ಬಿಟ್ಟರೆ ಏನು ತಪ್ಪು?’ ಎಂದು ಕೇಳುವವರಿಗೆ ನನ್ನ ಉತ್ತರ ಇದರಲ್ಲೇ ಇದೆ. ನಾವು ಊರು ಬಿಟ್ಟಾಗ ಕೆಲಸವೂ ನಮ್ಮ ಜೊತೆ ಬಂತು. ಪುಣೆಯಲ್ಲಿ ದುಡಿದದ್ದಕ್ಕೆ ಪುಣೆಯಲ್ಲಿ ವೃತ್ತಿ ತೆರಿಗೆ ಕಟ್ಟುತ್ತೇವೆ, ಇಲ್ಲಿನ ನೀರು ಕುಡಿದು ಇಲ್ಲಿನ ನೀರಿನ ಬಿಲ್ಲು ಕಟ್ಟುತ್ತೇವೆ. ಮಕ್ಕಳ ಶಾಲೆ, ಅಪ್ಪ ಅಮ್ಮನ ಔಷಧಿ, ರೇಷನ್ ಕಾರ್ಡು, ಭಾಷೆ ಎಲ್ಲವನ್ನೂ ಕಿತ್ತು ನೆಟ್ಟಿದ್ದೇವೆ. ಕಂಪನಿ ಹಾಗೆ ಹೋಗುವುದಿಲ್ಲ. ಕಾರ್ಖಾನೆ ಒಂದು ಕಡೆ, ಕೆಲಸಗಾರ ಒಂದು ಕಡೆ, ಗಿರಾಕಿ ಒಂದು ಕಡೆ, ಲಾಭ ಮಾತ್ರ ಇವರ್‍ಯಾರೂ ಇಲ್ಲದ ಕಡೆ. ಕೇಮನ್ ದ್ವೀಪದ ಅಗ್ಲೆಂಡ್ ಹೌಸ್ ಎಂಬ ಐದು ಮಹಡಿಯ ಕಟ್ಟಡವೊಂದರಲ್ಲೇ 18,857 ಸಂಸ್ಥೆಗಳು ನೋಂದಾಯಿಸಿಕೊಂಡಿದ್ದವು ಎಂದು ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ 2008ರಲ್ಲಿ ವರದಿ ಕೊಟ್ಟಿತು. ಒಬ್ಬೊಬ್ಬರಿಗೆ ಒಂದು ಕುರ್ಚಿ ಹಾಕಿದರೂ ಆ ಕಟ್ಟಡ ಸಾಲದು.

ಇದೆಲ್ಲ ಎಲ್ಲೋ ದೂರದ ಮಾತು ಅಂದುಕೊಳ್ಳಬೇಡಿ. ನಾನು ಹಿಂಜವಡಿಯ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವವಳು. ಬೆಂಗಳೂರು, ಹೈದರಾಬಾದ್, ಪುಣೆಗಳಲ್ಲಿ ವಿದೇಶಿ ಕಂಪನಿಗಳು ನಡೆಸುವ ಜಿಸಿಸಿಗಳ ಲೆಕ್ಕ ಹೇಗೆ ಬರೆಯುತ್ತಾರೆಂದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ನಾಸ್ಕಾಂ ಲೆಕ್ಕದ ಪ್ರಕಾರ 2024ರಲ್ಲಿ ದೇಶದಲ್ಲಿ ಇಂಥವು 1,700ಕ್ಕೂ ಹೆಚ್ಚಿದ್ದವು, ಅವುಗಳಲ್ಲಿ 19 ಲಕ್ಷ ಜನ ದುಡಿಯುತ್ತಿದ್ದರು. ಈ ಪತ್ರಿಕೆ ಓದುವವರಲ್ಲಿ ಎಷ್ಟೋ ಜನ ಆ 19 ಲಕ್ಷದವರೇ. ಇವಕ್ಕೆ ಹಣ ಬರುವುದು ‘ಕಾಸ್ಟ್ ಪ್ಲಸ್’ ಎಂಬ ಪದ್ಧತಿಯಲ್ಲಿ. ಉದಾಹರಣೆಗೆ ಸಂಬಳ, ಬಾಡಿಗೆ, ಕರೆಂಟು ಎಲ್ಲ ಸೇರಿ ನೂರು ರೂಪಾಯಿ ಖರ್ಚಾದರೆ ಮೂಲ ಕಂಪನಿ ಅದರ ಮೇಲೆ ಹದಿನೈದು ಸೇರಿಸಿ ನೂರಾ ಹದಿನೈದು ಕೊಡುತ್ತದೆ. ಆ ಹದಿನೈದರ ಮೇಲೆ ಭಾರತಕ್ಕೆ ತೆರಿಗೆ, ಅಂದರೆ ನಾಲ್ಕು ರೂಪಾಯಿಗೂ ಕಡಿಮೆ. ನೀವು ರಾತ್ರಿ ಕೂತು ಬರೆದ ಕೋಡು ಜಗತ್ತಿನಾದ್ಯಂತ ಸಾವಿರ ರೂಪಾಯಿಗೆ ಮಾರಾಟವಾಗಲಿ, ಹತ್ತು ಸಾವಿರಕ್ಕಾಗಲಿ, ಅದರ ಲಾಭದಲ್ಲಿ ಈ ನೆಲಕ್ಕೆ ಪಾಲಿಲ್ಲ. ಯಾಕೆಂದರೆ ಆ ಕೋಡಿನ ಒಡೆತನ, ಪೇಟೆಂಟು, ಬ್ರ್ಯಾಂಡು ಎಲ್ಲವೂ ಕಾಗದದ ಮೇಲೆ ಬೇರೆ ಕಡೆ ಇರುತ್ತವೆ. ಇದೆಲ್ಲ ಕಾನೂನುಬದ್ಧ. ನನ್ನ ದೂರು ಇರುವುದೇ ಅದರ ಮೇಲೆ. ಕಳ್ಳತನವಾದರೆ ಪೊಲೀಸರಿದ್ದಾರೆ, ಕಾನೂನೇ ಹೀಗಿದ್ದರೆ ಯಾರ ಬಾಗಿಲು ತಟ್ಟುವುದು?

ಆ ‘ಬೇರೆ ಕಡೆ’ ಎಷ್ಟೋ ಸಲ ಐರ್ಲೆಂಡ್ ಆಗಿರುತ್ತದೆ. 2015ರಲ್ಲಿ ಐರ್ಲೆಂಡಿನ ಜಿಡಿಪಿ ಒಂದೇ ವರ್ಷದಲ್ಲಿ ಶೇಕಡಾ 26ರಷ್ಟು ಬೆಳೆಯಿತೆಂದು ಅಲ್ಲಿನ ಅಂಕಿಅಂಶ ಇಲಾಖೆ ಪ್ರಕಟಿಸಿತು. ಜನ ಶೇಕಡಾ ಇಪ್ಪತ್ತಾರರಷ್ಟು ಹೆಚ್ಚು ದುಡಿದಿರಲಿಲ್ಲ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಬೌದ್ಧಿಕ ಆಸ್ತಿಯ ಕಾಗದಗಳನ್ನು ಅಲ್ಲಿಗೆ ವರ್ಗ ಮಾಡಿದ್ದವು, ಅಷ್ಟೆ. ಅರ್ಥಶಾಸ್ತ್ರಜ್ಞ ಪಾಲ್ ಕ್ರೂಗ್‌ಮನ್ ಇದನ್ನು ಐರಿಷ್ ಜಾನಪದದ ಮಾಯಾವಿ ಕುಳ್ಳನ ಹೆಸರಿಟ್ಟು ಗೇಲಿ ಮಾಡಿದರು. ಕೊನೆಗೆ ತಮ್ಮ ದೇಶದ ನಿಜವಾದ ಆದಾಯ ಎಷ್ಟೆಂದು ತಿಳಿಯಲು ಐರಿಷ್ ಸರ್ಕಾರವೇ ಬೇರೊಂದು ಅಳತೆಗೋಲು ಕಟ್ಟಿಕೊಳ್ಳಬೇಕಾಯಿತು.

ಅದಕ್ಕಿಂತ ವಿಚಿತ್ರವಾದದ್ದು ಆ್ಯಪಲ್ ಪ್ರಕರಣ. ಆ್ಯಪಲ್ ಕಂಪನಿ ಐರ್ಲೆಂಡಿನಲ್ಲಿ ತನ್ನ ಯುರೋಪಿನ ಲಾಭದ ಮೇಲೆ 2014ರಲ್ಲಿ ಕಟ್ಟಿದ ತೆರಿಗೆ ಶೇಕಡಾ 0.005 ಮಾತ್ರ, ಅಂದರೆ ಹತ್ತು ಲಕ್ಷ ಯೂರೋ ಲಾಭಕ್ಕೆ ಐವತ್ತು ಯೂರೋ ಎಂದು ಯುರೋಪಿಯನ್ ಕಮಿಷನ್ 2016ರಲ್ಲಿ ಹೇಳಿತು. ಬಾಕಿ 1,300 ಕೋಟಿ ಯೂರೋವನ್ನು ಬಡ್ಡಿಸಮೇತ ವಸೂಲು ಮಾಡಿಕೊಳ್ಳಿ ಎಂದು ಐರ್ಲೆಂಡಿಗೆ ಆದೇಶಿಸಿತು. ಐರ್ಲೆಂಡ್ ಏನು ಮಾಡಿತು? ‘ನಮಗೆ ಆ ಹಣ ಬೇಡ’ ಎಂದು ಆ್ಯಪಲ್ ಜೊತೆಗೂಡಿ ಮೇಲ್ಮನವಿ ಹಾಕಿತು! ಎಂಟು ವರ್ಷ ವಕೀಲರಿಗೆ ದುಡ್ಡು ಸುರಿದು ಹೋರಾಡಿತು. 2024ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಅತ್ಯುನ್ನತ ನ್ಯಾಯಾಲಯ ಕಮಿಷನ್ನಿನ ಮಾತನ್ನೇ ಎತ್ತಿಹಿಡಿದು ಹಣವನ್ನು ಬಲವಂತವಾಗಿ ಐರ್ಲೆಂಡಿನ ಕೈಗಿಟ್ಟಿತು. ಡಬ್ಲಿನ್ನಿನಲ್ಲಿ ಬಾಡಿಗೆ ಮನೆ ಸಿಗದೆ ಜನ ಪರದಾಡುತ್ತಿದ್ದ ವರ್ಷಗಳಲ್ಲೇ ಅವರ ಸರ್ಕಾರ ತನಗೆ ಬರಬೇಕಾದ ತೆರಿಗೆಯನ್ನು ತಡೆಯಲು ಕೋರ್ಟು ಹತ್ತಿತ್ತು. ಸುಂಕದವನು ವ್ಯಾಪಾರಿಯ ಮುಂದೆ ಸುಖದುಃಖ ಹೇಳಿಕೊಳ್ಳುವುದು ಎಂದರೆ ಇದೇ.

ಈಗ ಎದುರು ವಾದಗಳನ್ನೂ ಕೇಳೋಣ. ನನ್ನ ಜೊತೆ ಕೆಲಸ ಮಾಡುವ, ನನಗಿಂತ ಹತ್ತು ವರ್ಷ ಕಿರಿಯ ಚಾರ್ಟರ್ಡ್ ಅಕೌಂಟೆಂಟ್ ಹುಡುಗನೊಬ್ಬ ಇದ್ದಾನೆ, ದಾವಣಗೆರೆಯವನು. ‘ಅಕ್ಕಾ, ನೀವು ಇನ್ನೂ ಇಂದಿರಾ ಗಾಂಧಿ ಕಾಲದಲ್ಲೇ ಇದ್ದೀರಿ. ಆಗ ಶೇಕಡಾ 97.75ರವರೆಗೆ ತೆರಿಗೆ ಹಾಕಿ ಏನು ಉದ್ಧಾರವಾಯಿತು? ಪೈಪೋಟಿ ಇಲ್ಲದಿದ್ದರೆ ಸರ್ಕಾರಗಳಿಗೆ ಹಗ್ಗವೇ ಇರುವುದಿಲ್ಲ’ ಎನ್ನುತ್ತಾನೆ. ಅವನ ಮಾತಿನಲ್ಲಿ ಸತ್ಯವಿದೆ. ಎಪ್ಪತ್ತರ ದಶಕದ ಆ ದರ ಮೂರ್ಖತನವೇ ಸರಿ, ಅದು ಹುಟ್ಟಿಸಿದ್ದು ಕಪ್ಪುಹಣವನ್ನು. ದುಂದುವೆಚ್ಚದ ಸರ್ಕಾರಕ್ಕೆ ಹಗ್ಗ ಬೇಕು ಎಂಬುದನ್ನೂ ಒಪ್ಪುತ್ತೇನೆ. ಆದರೆ ಆ ಹಗ್ಗ ಯಾರ ಕೈಯಲ್ಲಿರಬೇಕು? ಮತ ಹಾಕುವವರ ಕೈಯಲ್ಲೋ, ಮತವೇ ಇಲ್ಲದ ಅಂಚೆಪೆಟ್ಟಿಗೆಗಳ ಕೈಯಲ್ಲೋ? 1956ರಲ್ಲಿ ಚಾರ್ಲ್ಸ್ ಟೀಬೂ ಎಂಬ ಅಮೆರಿಕನ್ ಅರ್ಥಶಾಸ್ತ್ರಜ್ಞ, ಜನ ತಮಗೆ ಬೇಕಾದ ತೆರಿಗೆ ಮತ್ತು ಸೌಲಭ್ಯ ಇರುವ ಊರಿಗೆ ಹೋಗಿ ನೆಲೆಸುವುದರಿಂದ ಊರಾಡಳಿತಗಳು ಸುಧಾರಿಸುತ್ತವೆ ಎಂದು ವಾದಿಸಿದ. ಪೈಪೋಟಿಯ ಪರವಾದವರು ಇಂದಿಗೂ ಅವನ ಹೆಸರು ಹೇಳುತ್ತಾರೆ. ಆದರೆ ಅವನ ಊರುಗಳಲ್ಲಿ ಜನ ನಿಜವಾಗಿ ಹೋಗಿ ನೆಲೆಸುತ್ತಾರೆ, ತೆರಿಗೆಯನ್ನೂ ಸೌಲಭ್ಯವನ್ನೂ ಒಟ್ಟಿಗೇ ಆರಿಸಿಕೊಳ್ಳುತ್ತಾರೆ. ಸೌಲಭ್ಯ ಬೆಂಗಳೂರಿನದು, ತೆರಿಗೆ ಬರ್ಮುಡಾದ್ದು ಎಂಬ ಆಯ್ಕೆ ಅವನ ವಾದದಲ್ಲಿಲ್ಲ.

ತೆರಿಗೆ ಇಳಿದರೆ ಬಂಡವಾಳ ಬರುತ್ತದೆ, ಕೆಲಸ ಹುಟ್ಟುತ್ತದೆ ಎಂಬುದು ಎರಡನೆಯ ವಾದ. ಕೆಲವು ಸಲ ಹೌದು. ಐರ್ಲೆಂಡಿನಲ್ಲಿ ನಿಜವಾದ ಔಷಧಿ ಕಾರ್ಖಾನೆಗಳೂ ಬಂದಿವೆ. ಆದರೆ ಬೆಂಗಳೂರಿಗೆ ಕಂಪನಿಗಳು ಬಂದದ್ದು ಯಾಕೆಂದು ಯೋಚಿಸಿ. ಟಾಟಾ ಇನ್‌ಸ್ಟಿಟ್ಯೂಟು, ಎಚ್‌ಎಎಲ್, ಬಿಇಎಲ್, ಇಸ್ರೋ, ಊರೂರಿನ ಸರ್ಕಾರಿ ಶಾಲೆ, ಜಿಲ್ಲೆಗೊಂದರಂತೆ ಎದ್ದ ಎಂಜಿನಿಯರಿಂಗ್ ಕಾಲೇಜು, ಇವೆಲ್ಲ ಐವತ್ತು ಅರವತ್ತು ವರ್ಷ ಬೆಳೆಸಿದ ಜನ ಅಲ್ಲಿದ್ದರು. ಅದರಲ್ಲಿ ಬಹುಪಾಲು ಕಟ್ಟಿದ್ದು ತೆರಿಗೆಯ ಹಣದಿಂದ. ಸಾಫ್ಟ್‌ವೇರ್ ಪಾರ್ಕಿನ ತೆರಿಗೆ ರಜೆ ನೆರವಾಯಿತು, ಇಲ್ಲವೆನ್ನುವುದಿಲ್ಲ. ಆ ರಜೆ 2011ಕ್ಕೆ ಮುಗಿಯಿತು, ಕಂಪನಿಗಳು ಓಡಿಹೋದವೇ? ಜನ ಇಲ್ಲಿರುವವರೆಗೆ ಅವು ಎಲ್ಲಿ ಹೋಗುತ್ತವೆ? ಬಿತ್ತನೆ ಬೀಜವನ್ನೇ ರಿಯಾಯಿತಿಯಲ್ಲಿ ಮಾರಿದರೆ ಮುಂದಿನ ಬೆಳೆ ಯಾವುದರಿಂದ?

ಮೂರನೆಯ ವಾದ ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚುತ್ತದೆ. ಮಾರಿಷಸ್ಸಿನಂಥ ಪುಟ್ಟ ದೇಶ ಏನು ಮಾಡಬೇಕು? ಕಬ್ಬು ಬಿಟ್ಟರೆ ಏನೂ ಇಲ್ಲದ ನೆಲಕ್ಕೆ ದೊಡ್ಡ ದೇಶಗಳು ಬೇರೆ ದಾರಿ ಬಿಟ್ಟವೇ? ಈ ಸಿಟ್ಟು ನ್ಯಾಯವಾದದ್ದು. ಆದರೆ ಮಾರಿಷಸ್ ಗಳಿಸಿದ್ದು ನೋಂದಣಿ ಶುಲ್ಕ, ಕೆಲವು ಸಾವಿರ ಕಚೇರಿ ಕೆಲಸ. ಭಾರತ ಕಳೆದುಕೊಂಡದ್ದು ಅದರ ಎಷ್ಟೋ ಪಾಲು. ನಡುವಿನ ದೊಡ್ಡ ಗಂಟು ಲಂಡನ್, ನ್ಯೂಯಾರ್ಕುಗಳ ಹೂಡಿಕೆದಾರರ ಜೇಬಿಗೆ ಹೋಯಿತು. ಇಬ್ಬರು ಬಡವರನ್ನು ಕುಸ್ತಿಗೆ ಬಿಟ್ಟು ಬಹುಮಾನವನ್ನು ಪ್ರೇಕ್ಷಕನೇ ಕೊಂಡೊಯ್ದ ಹಾಗೆ. ಘಾನಾ ದೇಶದಲ್ಲಿ ಬಹುರಾಷ್ಟ್ರೀಯ ಕಂಪನಿಯೊಂದರ ಬಿಯರ್ ಕಾರ್ಖಾನೆಗಿಂತ ಅದರ ನೆರಳಿನಲ್ಲೇ ಪುಟ್ಟ ಅಂಗಡಿ ಇಟ್ಟುಕೊಂಡು ಅದೇ ಬಿಯರ್ ಮಾರುವ ಹೆಂಗಸು ಹೆಚ್ಚು ಆದಾಯ ತೆರಿಗೆ ಕಟ್ಟಿದ್ದಳು ಎಂದು ಆಕ್ಷನ್‌ಏಡ್ ಸಂಸ್ಥೆ 2010ರಲ್ಲಿ ವರದಿ ಮಾಡಿತು. ಕಂಪನಿ ಆ ವರದಿಯನ್ನು ಅಲ್ಲಗಳೆಯಿತು. ಆದರೆ ಅಂಗಡಿಯವಳಿಗೆ ಅಲ್ಲಗಳೆಯಲು ವಕೀಲರಿರಲಿಲ್ಲ, ಹೋಗಲು ಬೇರೆ ದೇಶವೂ ಇರಲಿಲ್ಲ.

ಹಾಗಾದರೆ ಏನೂ ಪ್ರಯತ್ನ ಆಗಿಲ್ಲವೇ? ಆಗಿದೆ. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ನೇತೃತ್ವದಲ್ಲಿ 2021ರ ಅಕ್ಟೋಬರ್‌ನಲ್ಲಿ ಭಾರತವೂ ಸೇರಿ 136 ದೇಶಗಳು ಒಂದು ಒಪ್ಪಂದಕ್ಕೆ ಬಂದವು. ವರ್ಷಕ್ಕೆ 75 ಕೋಟಿ ಯೂರೋಗಿಂತ ಹೆಚ್ಚು ವಹಿವಾಟಿರುವ ಕಂಪನಿಗಳು ಎಲ್ಲೇ ಇರಲಿ, ಕನಿಷ್ಠ ಶೇಕಡಾ 15 ತೆರಿಗೆ ಕಟ್ಟಲೇಬೇಕು ಎಂದು. ಐರ್ಲೆಂಡ್ ಕೂಡ ದೊಡ್ಡ ಕಂಪನಿಗಳಿಗೆ 2024ರಿಂದ 15 ಜಾರಿ ಮಾಡಿತು. ತೆರಿಗೆಯೇ ಇಲ್ಲವೆಂದು ನಮ್ಮವರು ಹಾಡಿ ಹೊಗಳುತ್ತಿದ್ದ ದುಬೈಯಲ್ಲೂ 2023ರ ಜೂನ್‌ನಿಂದ ಶೇಕಡಾ 9ರ ಕಂಪನಿ ತೆರಿಗೆ ಬಂತು. ಅಂದರೆ ಇಳಿಜಾರಿನಲ್ಲಿ ಜಾರುವುದು ವಿಧಿಯೇನಲ್ಲ, ಮನಸ್ಸು ಮಾಡಿದರೆ ನಿಲ್ಲಬಹುದು.

ಆದರೆ ನಿಂತದ್ದು ಎಷ್ಟು ಹೊತ್ತು? 2025ರ ಜನವರಿ 20ರಂದು, ಅಧಿಕಾರಕ್ಕೆ ಬಂದ ದಿನವೇ, ಟ್ರಂಪ್ ಈ ಒಪ್ಪಂದಕ್ಕೆ ಅಮೆರಿಕದಲ್ಲಿ ಕಿಮ್ಮತ್ತಿಲ್ಲ ಎಂದರು. ಜೂನ್‌ನಲ್ಲಿ ಜಿ-7 ದೇಶಗಳು ಅಮೆರಿಕ ಮೂಲದ ಕಂಪನಿಗಳನ್ನು ಅದರ ಮುಖ್ಯ ನಿಯಮಗಳಿಂದ ಹೊರಗಿಡಲು ತಲೆಯಾಡಿಸಿದವು. ಜಗತ್ತಿನ ಅತಿ ದೊಡ್ಡ ಕಂಪನಿಗಳನ್ನೇ ಬಿಟ್ಟುಬಿಟ್ಟ ಬಲೆ ಯಾವ ಮೀನು ಹಿಡಿಯಲು? ನಮ್ಮ ಧೈರ್ಯವೂ ಅಷ್ಟಕ್ಕಷ್ಟೇ. ಆನ್‌ಲೈನ್ ಜಾಹೀರಾತಿನ ಮೇಲೆ 2016ರಲ್ಲಿ ನಾವು ಹಾಕಿದ್ದ ಶೇಕಡಾ 6ರ ಸುಂಕ, ಜನ ‘ಗೂಗಲ್ ತೆರಿಗೆ’ ಎನ್ನುತ್ತಿದ್ದದ್ದು, ಅಮೆರಿಕದ ಪ್ರತಿಸುಂಕದ ಬೆದರಿಕೆಯ ನಡುವೆ 2025ರ ಏಪ್ರಿಲ್ 1ರಿಂದ ಇಲ್ಲವಾಯಿತು.

ದರದ ಪೈಪೋಟಿಗೆ ಸ್ವಲ್ಪ ತಡೆ ಬಿದ್ದ ಕಡೆ ಅದು ವೇಷ ಬದಲಿಸಿ ಬಂದಿದೆ. ಈಗ ತೆರಿಗೆ ಬಿಡುವುದಲ್ಲ, ಕೈಯಿಂದ ಹಣ ಕೊಡುವುದು. ಗುಜರಾತಿನ ಸಾಣಂದ್‌ನಲ್ಲಿ ಮೈಕ್ರಾನ್ ಕಂಪನಿಯ 275 ಕೋಟಿ ಡಾಲರ್‌ಗಳ ಚಿಪ್ ಘಟಕದಲ್ಲಿ ಶೇಕಡಾ 50 ಕೇಂದ್ರದ್ದು, 20 ಗುಜರಾತ್ ಸರ್ಕಾರದ್ದು, ಕಂಪನಿಯದು ಮಿಕ್ಕ 30. ವಿಶಾಖಪಟ್ಟಣದಲ್ಲಿ ಆಂಧ್ರ ಸರ್ಕಾರ 2025ರಲ್ಲಿ ಟಿಸಿಎಸ್ ಕಂಪನಿಗೆ 21 ಎಕರೆಗೂ ಮಿಕ್ಕ ಜಾಗವನ್ನು ಕೊಟ್ಟದ್ದು 99 ಪೈಸೆಗೆ. ಒಂದು ರೂಪಾಯಿ ಕೊಟ್ಟರೆ ಚಿಲ್ಲರೆ ವಾಪಸು ಕೊಡಬೇಕು. ಮಾರಿಷಸ್ಸನ್ನು ಬೈಯುತ್ತಲೇ ಗಾಂಧಿನಗರದ ಗಿಫ್ಟ್ ಸಿಟಿಯಲ್ಲಿ ನಮ್ಮದೇ ಒಂದು ಮಾರಿಷಸ್ ಕಟ್ಟಿಕೊಂಡಿದ್ದೇವೆ, ಅಲ್ಲಿನ ಘಟಕಗಳಿಗೆ ವರ್ಷಗಟ್ಟಲೆ ತೆರಿಗೆ ರಜೆ. ನಾಳೆ ಆಂಧ್ರ 99 ಪೈಸೆ ಎಂದದ್ದಕ್ಕೆ ಕರ್ನಾಟಕ 98 ಎನ್ನಬೇಕೆಂದು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲೇ ಕೂಗು ಏಳುತ್ತದೆ. ಕನ್ನಡದ ಅಭಿಮಾನದ ಹೆಸರಿನಲ್ಲಿ ಕನ್ನಡಿಗರ ನೆಲವನ್ನು ಪುಕ್ಕಟೆ ಹಂಚಿ ಎನ್ನುವ ಈ ಅಭಿಮಾನ ನನಗೆ ಅರ್ಥವಾಗುವುದಿಲ್ಲ.

ನನಗೆ ಬೇಕಾದದ್ದು ಮೂರೇ. ಮೊದಲನೆಯದು, ಲಾಭವನ್ನು ಕಾಗದ ಇರುವ ಕಡೆ ಅಲ್ಲ, ಕೆಲಸ ನಡೆಯುವ ಕಡೆ ಎಣಿಸಬೇಕು. ಒಂದು ಬಹುರಾಷ್ಟ್ರೀಯ ಕಂಪನಿಯ ಜಾಗತಿಕ ಲಾಭವನ್ನು ಒಟ್ಟು ಮಾಡಿ, ಅದರ ಕೆಲಸಗಾರರು, ಆಸ್ತಿ, ಮಾರಾಟ ಎಲ್ಲೆಲ್ಲಿವೆಯೋ ಆ ಪ್ರಮಾಣದಲ್ಲಿ ದೇಶಗಳಿಗೆ ಹಂಚಬೇಕು. ಇದು ಕನಸಲ್ಲ, ಅಮೆರಿಕದ ರಾಜ್ಯಗಳು ತಮ್ಮತಮ್ಮಲ್ಲಿ ಇಂಥ ಸೂತ್ರಗಳನ್ನೇ ಬಳಸುತ್ತಾ ಬಂದಿವೆ. ಆಗ ಹಿಂಜವಡಿಯ, ವೈಟ್‌ಫೀಲ್ಡಿನ, ಗಚ್ಚಿಬೌಲಿಯ 19 ಲಕ್ಷ ಜನರ ದುಡಿಮೆಗೆ ಲೆಕ್ಕದಲ್ಲಿ ತೂಕ ಬರುತ್ತದೆ. ಎರಡನೆಯದು, ಯಾವ ದೇಶದಲ್ಲಿ ಎಷ್ಟು ಜನ, ಎಷ್ಟು ಲಾಭ, ಎಷ್ಟು ತೆರಿಗೆ ಎಂಬ ದೇಶವಾರು ಲೆಕ್ಕವನ್ನು ದೊಡ್ಡ ಕಂಪನಿಗಳು ಈಗ ತೆರಿಗೆ ಇಲಾಖೆಗೆ ಗುಟ್ಟಾಗಿ ಕೊಡುತ್ತವೆ, ಅದನ್ನು ಎಲ್ಲರೂ ಓದುವಂತೆ ಪ್ರಕಟಿಸಬೇಕು. ಮೂರನೆಯದು, ಇದರ ನಿಯಮ ಬರೆಯುವ ಜಾಗ ಶ್ರೀಮಂತರ ಕೂಟವಾಗಿರಬಾರದು. ಆಫ್ರಿಕಾದ ದೇಶಗಳು 2023ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲೇ ತೆರಿಗೆ ಒಪ್ಪಂದವಾಗಬೇಕೆಂಬ ಠರಾವು ಮಂಡಿಸಿದಾಗ 125 ದೇಶಗಳು ಪರ, 48 ವಿರುದ್ಧ ಮತ ಹಾಕಿದವು. ಭಾರತ ಪರವಾಗಿತ್ತು. ಅಮೆರಿಕ 2025ರ ಫೆಬ್ರವರಿಯಲ್ಲಿ ಆ ಮಾತುಕತೆಯಿಂದ ಎದ್ದು ಹೋಯಿತು. ಎದ್ದು ಹೋದವರಿಗಾಗಿ ಊಟ ನಿಲ್ಲಿಸಬೇಕಿಲ್ಲ. ಪಂಕ್ತಿ ಮುಂದುವರಿಯಲಿ, ಭಾರತ ಮುಂದಿನ ಸಾಲಿನಲ್ಲಿ ಕೂರಲಿ.

ಇದನ್ನೆಲ್ಲ ನಿಮಗೇ ಯಾಕೆ ಹೇಳುತ್ತಿದ್ದೇನೆಂದರೆ, ಜಗತ್ತಿನ ಈ ದೊಡ್ಡ ಮೋಸದ ಲೆಕ್ಕ ಬರೆಯುವ ಕೈಗಳಲ್ಲಿ ನಮ್ಮ ಕೈಗಳೂ ಇವೆ. ಟ್ರಾನ್ಸ್‌ಫರ್ ಪ್ರೈಸಿಂಗ್ ವರದಿ ತಯಾರಿಸುವವರು, ಒಪ್ಪಂದದ ಕಲಮು ಹುಡುಕುವವರು, ಕೋಡಿನ ಹಕ್ಕುಪತ್ರಕ್ಕೆ ಸಹಿ ಹಾಕುವವರು ನಾವೇ. ಕೆಲಸ ಬಿಡಿ ಎಂದು ಯಾರಿಗೂ ಹೇಳಲಾರೆ, ಇಎಂಐ ನನಗೂ ಇದೆ. ಆದರೆ ಈ ಪದ್ಧತಿ ಹೇಗೆ ನಡೆಯುತ್ತದೆಂದು ಕನ್ನಡದಲ್ಲಿ ಬಿಡಿಸಿ ಹೇಳಬಹುದು. ನಮ್ಮ ಅಪ್ಪ ಅಮ್ಮಂದಿರು ಊರಿನ ಪಂಚಾಯಿತಿಯಲ್ಲಿ ಮನೆಗಂದಾಯದ ಹತ್ತು ರೂಪಾಯಿಗೂ ರಸೀದಿ ಕೇಳುವವರು. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ ಕುರ್ಚಿ ಖಾಲಿ ಇರುವುದಕ್ಕೂ, ಮಗ ಬರೆದ ಕೋಡಿನ ಲಾಭ ಡಬ್ಲಿನ್ನಿನಲ್ಲಿ ಕೂತಿರುವುದಕ್ಕೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಮುಂದಿನ ಸಲ ಹಬ್ಬಕ್ಕೆ ಹೋದಾಗ ಹೇಳಿ. ರಸೀದಿ ಕೇಳುವ ಜನ ಅವರು, ಒಮ್ಮೆ ಗೊತ್ತಾದರೆ ಕೇಳದೆ ಬಿಡುವುದಿಲ್ಲ.